ಅಪ್‌ಡೇಟ್: ಮಸ್ಕತ್ತಿನಿಂದ ಮೆಲ್ಬರ್ನ್‌ಗೆ, ನಡುವೆ ಉಡುಪಿ

ಮಸ್ಕತ್ತಿನ ಮನೆ ಖಾಲಿ ಮಾಡಿ ಮೆಲ್ಬರ್ನ್‌ಗೆ ಹೋಗುವ ಮೊದಲು ಊರಿನವರನ್ನೆಲ್ಲ ಒಂದೇ ಊಟಕ್ಕೆ ಕರೆಯುವುದೇ, ಮನೆ ಮನೆಗೆ ಹೋಗುವುದೇ ಎಂದು ಕೇಳಿದ್ದೆ. ಹೆಚ್ಚಿನವರು ಸಭಾಭವನ ಎಂದಿರಿ. ನನಗೆ ಮನಸ್ಸಾಗಲಿಲ್ಲ. ನಡೆಯಲಾಗದ ಹಿರಿಯರ ಮನೆಗೆ ನಾವೇ ಹೋದೆವು, ಉಳಿದವರಿಗೆ ನಮ್ಮ ಅಂಗಳದಲ್ಲೇ ಊಟ. ಭಾಷಣವಂತೂ ಇಲ್ಲವೇ ಇಲ್ಲ.

ಅತ್ತೆ ಚೀಲದ ತುಂಬ ಮಟ್ಟುಗುಳ್ಳ ತಂದರು. 2011ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಬದನೆಯಾದರೇನು, ಆಸ್ಟ್ರೇಲಿಯಾದ ಜೈವಿಕ ಸುರಕ್ಷತಾ ಅಧಿಕಾರಿಗಳಿಗೆ ಅದು ಬರೀ ಹಸಿ ತರಕಾರಿ, ಒಳಗೆ ಬಿಡುವುದಿಲ್ಲ. ಅಂದೇ ಹುಳಿ ಮಾಡಿ ಮುಗಿಸಿದೆವು. ಹಪ್ಪಳ, ಸಾರಿನ ಪುಡಿ ಪೆಟ್ಟಿಗೆ ಸೇರಿವೆ. ಇಳಿದ ಮೇಲೆ ಅವನ್ನೂ ಘೋಷಿಸಲೇಬೇಕು.

ಮಗಳು ಮಸ್ಕತ್ತಿನ ಗೆಳತಿಯರನ್ನು ನೆನೆದು ಅಳುತ್ತಾಳೆ. ಅದಕ್ಕೆ ಮಾತ್ರ ಯಾರ ಸಲಹೆಯೂ ಉಪಯೋಗಕ್ಕೆ ಬರಲಿಲ್ಲ. ನಾಡಿದ್ದು ವಿಮಾನ.