ವೇಡ್ರಾಯ್ಡ್: ಸ್ಕ್ರೀನ್ ಆಫ್ ಆದ ಮೇಲೆ ಮೆಸೇಜ್ ಬರುವುದೇ ಇಲ್ಲ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಪೋಸ್ಟ್‌ಮಾರ್ಕೆಟ್‌ಓಎಸ್ (ಫೋನಿಗಾಗಿ ಮಾಡಿದ ಲಿನಕ್ಸ್) ಹಾಕಿದ ಫೋನನ್ನೇ ದಿನಾ ಬಳಸುತ್ತಿದ್ದೇನೆ. 3 ಜಿಬಿ ರ‍್ಯಾಮ್. ಕರೆ, ಎಸ್‌ಎಂಎಸ್, ಬ್ರೌಸರ್ ಎಲ್ಲಾ ಸರಿ ಇದೆ. ಮನೆಯವರೆಲ್ಲ ಇರುವ ಚಾಟ್ ಆ್ಯಪ್ ಮಾತ್ರ ಆಂಡ್ರಾಯ್ಡ್‌ನದ್ದೇ ಬೇಕು, ಅದಕ್ಕೇ ಲಿನಕ್ಸ್ ಒಳಗೆ ಆಂಡ್ರಾಯ್ಡ್ ಆ್ಯಪ್ ಓಡಿಸುವ ವೇಡ್ರಾಯ್ಡ್ ಹಾಕಿಕೊಂಡೆ. ಆ್ಯಪ್ ಕಣ್ಣೆದುರು ತೆರೆದಿದ್ದರೆ ಚೆನ್ನಾಗಿ ನಡೆಯುತ್ತದೆ. ಫೋನ್ ಜೇಬಿಗೆ ಹೋಯಿತೋ, ಒಂದು ಮೆಸೇಜೂ ಬರುವುದಿಲ್ಲ. ಮೊನ್ನೆ ಸಂಜೆ ತೆಗೆದು ನೋಡಿದರೆ 17 ಮೆಸೇಜ್ ಒಟ್ಟಿಗೆ ಬಂದವು, ಅದರಲ್ಲಿ ನಾಲ್ಕು ಅಮ್ಮನದು, "ಎಲ್ಲಿದ್ದೀಯ" ಅಂತ. ತುಂಬಾ ಬೇಜಾರಾಯಿತು. ಬ್ಯಾಂಕ್ ಆ್ಯಪ್ ಅಂತೂ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ. ನಾನೇನಾದರೂ ತಪ್ಪು ಮಾಡಿದ್ದೇನಾ? ಹಳೇ ಫೋನಿಗೆ ವಾಪಸ್ ಹೋಗುವ ಮನಸ್ಸಿಲ್ಲ.

ಉತ್ತರ 1:
ನಿಮ್ಮ ತಪ್ಪಿಲ್ಲ. ವೇಡ್ರಾಯ್ಡ್ ಎಮ್ಯುಲೇಟರ್ (ಬೇರೊಂದು ಫೋನನ್ನೇ ನಕಲು ಮಾಡುವ ಸಾಫ್ಟ್‌ವೇರ್) ಅಲ್ಲ. ಲೀನಿಯೇಜ್‌ಓಎಸ್ ಅನ್ನುವ ಆಂಡ್ರಾಯ್ಡ್ ರೂಪದ ಒಂದು ಇಮೇಜ್ (ಇಡೀ ಸಿಸ್ಟಮ್‌ನ ಪ್ರತಿ) ಎಲ್‌ಎಕ್ಸ್‌ಸಿ ಕಂಟೇನರ್, ಅಂದರೆ ಲಿನಕ್ಸ್ ಒಳಗಿನ ಒಂದು ಪ್ರತ್ಯೇಕ ಕೋಣೆ, ಅದರೊಳಗೆ ಕೂತಿರುತ್ತದೆ. ಕರ್ನಲ್ (ಸಿಸ್ಟಮ್‌ನ ತಿರುಳು) ಮಾತ್ರ ನಿಮ್ಮ ಫೋನಿನದ್ದೇ, ಅದರಲ್ಲಿ ಆಂಡ್ರಾಯ್ಡ್‌ನ ಭಾಗಗಳು ಪರಸ್ಪರ ಮಾತಾಡಲು ಬಳಸುವ ಬೈಂಡರ್ ಇರಬೇಕು ಅಷ್ಟೇ. ಅದಕ್ಕೇ ಇಷ್ಟು ಚುರುಕು. ಆದರೆ ಯಾವ ಆ್ಯಪೂ ಬಳಕೆಯಲ್ಲಿ ಇಲ್ಲದೆ ಸ್ಕ್ರೀನ್ ಆರಿದರೆ ಇಡೀ ಕಂಟೇನರನ್ನು ನಿಂತಲ್ಲೇ ನಿಲ್ಲಿಸಿಬಿಡುತ್ತದೆ. ಆಗ ಇನ್ನೊಂದು ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ (ದೂರದಿಂದ ಫೋನಿಗೆ ಕಮಾಂಡ್ ಕೊಡುವ ದಾರಿ) ಮಾಡಿ 'ವೇಡ್ರಾಯ್ಡ್ ಸ್ಟೇಟಸ್' ಹೊಡೆಯಿರಿ, ಕಂಟೇನರ್ ಎದುರು 'ಫ್ರೋಜನ್' ಅಂತ ಕಾಣುತ್ತದೆ. ಒಳಗಿರುವ ಚಾಟ್ ಆ್ಯಪ್‌ಗೆ ಉಸಿರೇ ಇಲ್ಲ, ಮೆಸೇಜ್ ಹೇಗೆ ಬರಬೇಕು?

ಹಾಗೆ ನಿಲ್ಲಿಸದಂತೆ ಮಾಡಲು, ವೇಡ್ರಾಯ್ಡ್ ಸೆಷನ್ ಓಡುತ್ತಿರುವಾಗ ಟರ್ಮಿನಲ್‌ನಲ್ಲಿ 'ವೇಡ್ರಾಯ್ಡ್ ಪ್ರಾಪ್ ಸೆಟ್ ಪರ್ಸಿಸ್ಟ್.ವೇಡ್ರಾಯ್ಡ್.ಸಸ್ಪೆಂಡ್ ಫಾಲ್ಸ್' ಕೊಡಿ. ಆಮೇಲೆ ಸೆಷನ್ ನಿಲ್ಲಿಸಿ ಮತ್ತೆ ಶುರು ಮಾಡಿ.

ಉತ್ತರ 2:
ಮೇಲಿನದು ಸರಿ, ಆದರೆ ಅಷ್ಟೇ ಸಾಲದು. ಫೋನೇ ಸಸ್ಪೆಂಡ್‌ಗೆ (ಬ್ಯಾಟರಿ ಉಳಿಸುವ ಗಾಢ ನಿದ್ದೆಗೆ) ಹೋದರೆ ಕರ್ನಲ್ ಮಲಗಿತು, ಕಂಟೇನರ್ ಇರುವುದೂ ಅದೇ ಕರ್ನಲ್ ಮೇಲೆ ಅಲ್ವಾ. ಕರೆ, ಎಸ್‌ಎಂಎಸ್ ಬಂದಾಗ ಮೋಡೆಮ್ ಫೋನನ್ನು ಎಬ್ಬಿಸುತ್ತದೆ. ಚಾಟ್ ಮೆಸೇಜಿಗೆ ಆ ಭಾಗ್ಯ ಇಲ್ಲ. ಪವರ್ ಸೆಟ್ಟಿಂಗ್ಸ್‌ನಲ್ಲಿ ಆಟೊಮ್ಯಾಟಿಕ್ ಸಸ್ಪೆಂಡ್ ಕೂಡ ಆಫ್ ಮಾಡಬೇಕು. ಬ್ಯಾಟರಿ ಜಾಸ್ತಿ ತಿನ್ನುತ್ತದೆ, ಮೊದಲೇ ಹೇಳಿಬಿಡುತ್ತೇನೆ. ನಾನು ಫೋನ್ ಚಾರ್ಜರಿನಲ್ಲಿ ಇದ್ದಾಗ ಮಾತ್ರ ಆ ಸಸ್ಪೆಂಡ್ ಆಫ್ ಇಟ್ಟುಕೊಂಡಿದ್ದೇನೆ, ಹೊರಗೆ ಹೊರಟಾಗ ಮನೆಯವರಿಗೆ ಎಸ್‌ಎಂಎಸ್ ಮಾಡಿ ಅಂತ ಹೇಳಿದ್ದೇನೆ. ವೇಡ್ರಾಯ್ಡ್ ಬೇಡವಾದಾಗ 'ವೇಡ್ರಾಯ್ಡ್ ಸೆಷನ್ ಸ್ಟಾಪ್' ಕೊಡಿ, 3 ಜಿಬಿಯಲ್ಲಿ ಅದನ್ನು ಸುಮ್ನೆ ಬಿಟ್ಟರೆ ಬ್ರೌಸರ್ ತೆವಳುತ್ತದೆ.

ಉತ್ತರ 3:
ಬ್ಯಾಂಕ್ ಆ್ಯಪ್ ಬಗ್ಗೆ: ಅಂಥ ಆ್ಯಪ್‌ಗಳು ತುಂಬಾ ಸಲ ಪ್ಲೇ ಇಂಟೆಗ್ರಿಟಿ ಅನ್ನುವ ಪರೀಕ್ಷೆ ಮಾಡುತ್ತವೆ, ಗೂಗಲ್ ಸರ್ಟಿಫೈ ಮಾಡಿದ ಫೋನೇ ಬೇಕು ಅನ್ನುತ್ತವೆ. ಗೂಗಲ್ ಆ್ಯಪ್‌ಗಳಿರುವ ಇಮೇಜ್ ಹಾಕಿದರೂ ಕಂಟೇನರ್ ಸರ್ಟಿಫೈಡ್ ಫೋನ್ ಆಗುವುದಿಲ್ಲ. ಅದನ್ನು ದಾಟಲು ಯಾರ್ಯಾರೋ ಬರೆದ ಸ್ಕ್ರಿಪ್ಟ್ ಓಡಿಸಬೇಡಿ, ದಯವಿಟ್ಟು. ಅಲ್ಲಿರುವುದು ನಿಮ್ಮ ದುಡ್ಡು. ಬ್ಯಾಂಕಿನ ವೆಬ್‌ಸೈಟನ್ನು ಫೋನಿನ ಬ್ರೌಸರಿನಲ್ಲೇ ತೆರೆಯಿರಿ.

ಪ್ರಶ್ನೆ ಕೇಳಿದವರು:
ಎರಡೂ ಮಾಡಿದೆ. ಫೋನ್ ಮೇಜಿನ ಮೇಲೆ ಮಗುಚಿ ಇಟ್ಟು, ಅಮ್ಮನಿಗೆ ಒಂದು ಮೆಸೇಜ್ ಹಾಕಲು ಹೇಳಿ ಕಾದೆ. ಬಂತು! ಸ್ಕ್ರೀನ್ ಆರಿ ಇಪ್ಪತ್ತು ನಿಮಿಷ ಆಗಿತ್ತು. ಬ್ಯಾಟರಿ ಸಂಜೆವರೆಗೂ ಬರುವುದಿಲ್ಲ, ಮಧ್ಯಾಹ್ನ ಒಮ್ಮೆ ಚಾರ್ಜ್ ಮಾಡಿಕೊಳ್ಳುತ್ತೇನೆ. ಬ್ಯಾಂಕಿಗೆ ಬ್ರೌಸರೇ ಸಾಕು. ತುಂಬಾ ಥ್ಯಾಂಕ್ಸ್.