ನೆಲದೊಳಗೆ ಏರಿಳಿಯುವ ಸುರಂಗಕ್ಕೆ ಯಾವ ಪದ: ಇಳಿಜಾರೋ, ಚಡಾವೋ, ವಾಟವೋ?

ಗೆಳೆಯರೇ,

ಸಿಮುಟ್ರಾನ್ಸ್ ಎಂಬ ಸಾರಿಗೆ ಆಟಕ್ಕೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಬಸ್ಸು, ರೈಲು, ಹಡಗು ಓಡಿಸಿ ಊರಿಂದೂರಿಗೆ ಜನರನ್ನೂ ಸರಕನ್ನೂ ಸಾಗಿಸುವ ಆಟ ಇದು. ಹಾನ್ಸ್‌ಯೋರ್ಗ್ ಮಾಲ್ಟ್‌ಹಾನರ್ ಎಂಬವರು 1997ರಲ್ಲಿ ಶುರು ಮಾಡಿದರು. ಈಗ ಓಪನ್ ಸೋರ್ಸ್ ಆಗಿದೆ, ಯಾರು ಬೇಕಾದರೂ ಪುಕ್ಕಟೆ ಆಡಬಹುದು. ಹಳಿ, ನಿಲ್ದಾಣ, ಸೇತುವೆ, ಸಿಗ್ನಲ್, ಡಿಪೋ ಇವಕ್ಕೆಲ್ಲ ಪದ ಹುಡುಕಬೇಕಾಗಿಯೇ ಬರಲಿಲ್ಲ. ಸುರಂಗದ ಅಧ್ಯಾಯಕ್ಕೆ ಬಂದಾಗ ಬರವಣಿಗೆ ನಿಂತುಬಿಟ್ಟಿದೆ. ನೆಲದೊಳಗೆ ಏರುತ್ತಲೋ ಇಳಿಯುತ್ತಲೋ ಸಾಗುವ ಸುರಂಗವನ್ನು ಏನೆಂದು ಕರೆಯಬೇಕು?

ಆಟದಲ್ಲಿ ಏನಾಗುತ್ತದೆ ಎಂದು ಮೊದಲು ಹೇಳುತ್ತೇನೆ, ಅದು ಗೊತ್ತಿಲ್ಲದೆ ಪದ ಆರಿಸೋದು ಕಷ್ಟ. ಗುಡ್ಡದ ಓರೆಯ ಮೇಲೆ ಸುರಂಗದ ಉಪಕರಣ ಹಿಡಿದು ಒತ್ತಿದರೆ ಸುರಂಗ ನೇರವಾಗಿ ಆಚೆ ಬದಿಗೆ ಹೊರಡುತ್ತದೆ. ಕಂಟ್ರೋಲ್ ಕೀ ಹಿಡಿದು ಒತ್ತಿದರೆ ಸುರಂಗದ ಬಾಯಿ ಮಾತ್ರ ಮೂಡುತ್ತದೆ. ಆಮೇಲೆ ನೆಲದೊಳಗಿನ ನೋಟಕ್ಕೆ ಹೋಗಬೇಕು. ಅಲ್ಲಿ ಸುರಂಗವನ್ನು ಬೇಕಾದಷ್ಟು ದೂರ ಎಳೆಯಬಹುದು, ತಿರುಗಿಸಬಹುದು, ಕವಲು ಒಡೆಯಬಹುದು, ನಿಲ್ದಾಣವನ್ನೂ ಕಟ್ಟಬಹುದು. ಇಷ್ಟೂ ಒಂದೇ ಮಟ್ಟದಲ್ಲಿ. ಕೆಳಗಿನ ಮಟ್ಟಕ್ಕೆ ಹೋಗಬೇಕಾದರೆ ನೆಲ ಏರಿಸುವ, ಇಳಿಸುವ ಉಪಕರಣ ಬೇಕು. ಆಟದ ನೆಲವೆಲ್ಲ ಚೌಕ ಚೌಕವಾಗಿದೆ. ಆ ಉಪಕರಣವನ್ನು ಸುರಂಗದ ಕೊನೆಯ ಚೌಕದ ಮೇಲೆ ಒತ್ತಿದರೆ ಆ ಚೌಕವೇ ಓರೆಯಾಗುತ್ತದೆ. ಅದರ ಮುಂದಿನ ಚೌಕದಿಂದ ಸುರಂಗ ಕೆಳಗಿನ ಮಟ್ಟದಲ್ಲಿ ಮುಂದುವರಿಯುತ್ತದೆ. ಹೀಗೆ ಊರಿನ ಕೆಳಗೆ ಒಂದರಡಿ ಒಂದು ಮೆಟ್ರೋ ಮಾರ್ಗ ಹಾಯಿಸಬಹುದು.

ಇದೇ ಜಾತಿಯ ಇನ್ನೊಂದು ಆಟ, 2004ರಲ್ಲಿ ಶುರುವಾದ ಓಪನ್‌ಟಿಟಿಡಿ ಆಗಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ. ಅಲ್ಲಿ ಸುರಂಗ ನೇರ, ಎರಡೂ ಬಾಯಿ ಒಂದೇ ಎತ್ತರದಲ್ಲಿ. ಬರೀ ಸುರಂಗ ಅಂದರೆ ಸಾಕು.

ಸಿಮುಟ್ರಾನ್ಸ್‌ಗೆ ಮೊದಲು ಹೊಳೆದದ್ದು ‘ಇಳಿಜಾರು ಸುರಂಗ’. ಪತ್ರಿಕೆ ಓದುವವರಿಗೆಲ್ಲ ತಟ್ಟನೆ ತಿಳಿಯುವ ಮಾತು. ಆದರೆ ಇಳಿಜಾರು ಅಂದಾಗ ನಾವು ಮೇಲೆ ನಿಂತು ಕೆಳಗೆ ನೋಡುತ್ತಿದ್ದೇವೆ ಅಲ್ವಾ? ಇಳಿಯುವುದು, ಜಾರುವುದು ಎರಡೂ ಆ ಪದದೊಳಗೇ ಇವೆ. ಆಟದಲ್ಲಿ ಒಂದೇ ಸುರಂಗದಲ್ಲಿ ಒಂದು ರೈಲು ಇಳಿಯುತ್ತದೆ, ಎದುರಿನಿಂದ ಬರುವ ಕಲ್ಲಿದ್ದಲಿನ ಗೂಡ್ಸ್ ಏದುಸಿರು ಬಿಡುತ್ತಾ ಏರುತ್ತದೆ. ‘ಇಳಿಜಾರಿನಲ್ಲಿ ಗಾಡಿಯ ವೇಗ ತಗ್ಗುತ್ತದೆ, ಹೆಚ್ಚು ಶಕ್ತಿಯ ಎಂಜಿನ್ ಹಾಕಿ’ ಎಂದು ಕೈಪಿಡಿಯಲ್ಲಿ ಬರೆದೆ. ಓದಿದವನು ಇಳಿಜಾರಿನಲ್ಲಿ ವೇಗ ಜಾಸ್ತಿ ಆಗಬೇಕಲ್ಲ ಎಂದು ಕೇಳಿದರೆ ಅವನದು ತಪ್ಪೇನಿಲ್ಲ.

ಏರುವ ಕಡೆಯಿಂದ ನೋಡುವ ಮಾತುಗಳೂ ನಮ್ಮಲ್ಲಿವೆ. ಮಲೆನಾಡು, ಕರಾವಳಿಯಲ್ಲಿ ‘ಚಡಾವು’ ಅನ್ನುತ್ತಾರೆ. ನನಗೆ ಬಹಳ ಇಷ್ಟದ ಪದ. ಆದರೆ ಅದೂ ಒಂದು ಕಡೆಯದೇ, ಏರುವವನ ಪದ. ಬಯಲುಸೀಮೆಯ ಎಷ್ಟು ಓದುಗರಿಗೆ ತಿಳಿಯುತ್ತದೋ ಎಂಬ ಅನುಮಾನವೂ ಇದೆ. ‘ಏರು’ ಸರಳವಾಗಿದೆ, ಆದರೆ ‘ಏರಿನ ಸುರಂಗ’ ಎಂದು ಬರೆದರೆ ‘ಏರಿ’ ನೆನಪಾಗಿ ಕೆರೆ ಏರಿಯ ಕೆಳಗೆ ತೂಬಿನಂಥದ್ದೇನೋ ಕೊರೆದಂತೆ ಕೇಳುತ್ತದೆ. ‘ಓರೆ ಸುರಂಗ’ ಎರಡು ದಿಕ್ಕಿಗೂ ಸಲ್ಲುತ್ತದೆ, ಚಿಕ್ಕದಾಗಿಯೂ ಇದೆ. ತೊಡಕೆಂದರೆ ಆಟದಲ್ಲಿ ಹಳಿಗಳು ಮೂಲೆಯಿಂದ ಮೂಲೆಗೂ ಹೋಗುತ್ತವೆ. ಅವನ್ನೂ ಓರೆ ಹಳಿ ಅನ್ನದೆ ಬೇರೆ ಏನನ್ನಲಿ? ಅಡ್ಡಕ್ಕೆ ಓರೆಯೋ, ಆಳಕ್ಕೆ ಓರೆಯೋ ಎಂದು ಪ್ರತಿ ಸಲ ಬಿಡಿಸಿ ಹೇಳಬೇಕಾಗುತ್ತದೆ.

ಈಗ ನನ್ನ ಮನಸ್ಸು ‘ವಾಟ’ದ ಕಡೆ ವಾಲಿದೆ. ಮನೆ ಕಟ್ಟಿಸಿದವರೆಲ್ಲ ಕೇಳಿರುವ ಮಾತು. ‘ಬಚ್ಚಲಿಗೆ ಇನ್ನೊಂಚೂರು ವಾಟ ಕೊಡಪ್ಪ’, ‘ತಾರಸಿಗೆ ವಾಟ ಸರಿಯಾಗಿಲ್ಲ, ನೀರು ನಿಲ್ಲುತ್ತೆ’. ಗಾರೆ ಕೆಲಸದವರಿಗೆ ವಾಟ ಅಂದರೆ ಮೇಲೂ ಅಲ್ಲ, ಕೆಳಗೂ ಅಲ್ಲ, ಒಂದು ತುದಿಗೂ ಇನ್ನೊಂದು ತುದಿಗೂ ಇರುವ ಎತ್ತರದ ವ್ಯತ್ಯಾಸ. ಅವರಲ್ಲೇ ಅದರ ಜೋಡಿಯೂ ಸಿಗುತ್ತದೆ. ರಸಮಟ್ಟ ಇಟ್ಟು ನೋಡಿದಾಗ ಸಮ ಇದ್ದರೆ ‘ಮಟ್ಟಸ’. ಹಾಗಾಗಿ ಮಟ್ಟಸ ಸುರಂಗ, ವಾಟದ ಸುರಂಗ ಎಂದು ಎರಡನ್ನೂ ಒಂದೇ ಕಸುಬಿನ ನುಡಿಯಿಂದ ಎತ್ತಿಕೊಳ್ಳಬಹುದು. ‘ಈ ಚೌಕಕ್ಕೆ ವಾಟ ಕೊಡಿ’ ಎಂದು ಬರೆದರೆ ಸೂಚನೆ ಎಷ್ಟು ಚೊಕ್ಕ ನೋಡಿ.

ವಾಟ ಅಂದರೆ ನೀರು ಹರಿಯುವಷ್ಟು ಸಣ್ಣ ಓರೆ, ರೈಲಿನ ಏರಿಗೆ ಆ ಪದ ತೀರಾ ಚಿಕ್ಕದು ಎಂದು ಒಬ್ಬ ಗೆಳೆಯರು ಹೇಳಿದರು. ಅವರ ಮಾತು ಯೋಚಿಸುವಂಥದ್ದೇ. ಆದರೆ ನಿಜವಾದ ರೈಲುಮಾರ್ಗದ ಲೆಕ್ಕ ನೋಡಿ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 57 ಸುರಂಗಗಳಿವೆ, ಮಾರ್ಗದ ಓರೆ 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಏರಿಕೆ. ಇಷ್ಟಕ್ಕೇ ಹಿಂದಿನಿಂದ ನೂಕಲು ಬೇರೆ ಎಂಜಿನ್‌ಗಳು ಬೇಕಾಗುತ್ತವೆ. ಜಪಾನಿನಲ್ಲಿ ಸಮುದ್ರದಡಿ ಹಾಯುವ ಸೈಕಾನ್ ಸುರಂಗ 1988ರಲ್ಲಿ ತೆರೆಯಿತು. ಉದ್ದ 53.85 ಕಿಲೋಮೀಟರ್, ಸಮುದ್ರಮಟ್ಟದಿಂದ 240 ಮೀಟರ್ ಆಳಕ್ಕೆ ಇಳಿದು ಮತ್ತೆ ಏರುತ್ತದೆ. ಅಲ್ಲಿ ಓರೆ 1,000ಕ್ಕೆ 12 ಮಾತ್ರ. ಬಚ್ಚಲಿನ ವಾಟ ಇದಕ್ಕಿಂತ ಅಷ್ಟೇನೂ ಕಡಿಮೆ ಇರುವುದಿಲ್ಲ! ರೈಲಿಗೆ ಕಡಿದು ಅನ್ನಿಸುವುದು ಕಾಲ್ನಡಿಗೆಯವನಿಗೆ ಗೊತ್ತೇ ಆಗುವುದಿಲ್ಲ.

ಸುರಂಗಕ್ಕೂ ನೀರಿಗೂ ನಂಟು ಹಳೆಯದು. ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ‘ಸುರಂಗ’ ಅಂದರೆ ರೈಲಿನದಲ್ಲ, ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನೀರಿನ ದಾರಿ. ಒಬ್ಬರು ನಡೆಯುವಷ್ಟೇ ಅಗಲ, ಒಳಗೆ ಒಸರಿದ ನೀರು ತಾನಾಗಿ ಹೊರಗೆ ಹರಿದು ಬರುವಂತೆ ನೆಲಕ್ಕೆ ತುಸು ಓರೆ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಇಂಥ ಸುರಂಗ ಕೊರೆದೇ ಬೋಳುಗುಡ್ಡದಲ್ಲಿ ತೋಟ ಎಬ್ಬಿಸಿದರು, ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಸುರಂಗ ತೋಡುವ ಕಸುಬಿನಲ್ಲಿ ಆ ಓರೆಗೆ ತಮ್ಮದೇ ಒಂದು ಮಾತು ಇದ್ದೇ ಇರಬೇಕು. ಅದು ತುಳುವಿನದಾದರೂ ಸರಿ, ಹವ್ಯಕರದಾದರೂ ಸರಿ, ನನಗೆ ಬೇಕು.

ಒಂದು ತೊಡಕು ವಾಟಕ್ಕೂ ಇದೆ. ಆಟದ ಗುಂಡಿಗಳು ಎರಡು: ಒಂದು ಏರಿಸಲು, ಇನ್ನೊಂದು ಇಳಿಸಲು. ಅಲ್ಲಿ ದಿಕ್ಕು ಹೇಳಲೇಬೇಕು. ‘ಏರುವಾಟ’, ‘ಇಳಿವಾಟ’ ಎಂದು ಜೋಡಿಸಿ ನೋಡಿದ್ದೇನೆ. ನನ್ನ ಕಿವಿಗೆ ಒಗ್ಗಿವೆ. ಕೆಲವು ಕಡೆ ಒಂದೇ ಚೌಕದಲ್ಲಿ ಎರಡು ಮಟ್ಟ ಏರುವ ಓರೆಯೂ ಬರುತ್ತದೆ, ಅದಕ್ಕೆ ‘ಕಡುವಾಟ’ ಆಗಬಹುದೇ? ಇಲ್ಲಿ ಮಾತ್ರ ಧೈರ್ಯ ಸಾಲುತ್ತಿಲ್ಲ. ಗಾರೆಯವರ ಬಾಯಲ್ಲಿ ‘ಜಾಸ್ತಿ ವಾಟ’ ಕೇಳಿದ್ದೇನೆ, ಕಡುವಾಟ ಕೇಳಿಲ್ಲ.

ಚೌಕದ ಬಗ್ಗೆಯೂ ಒಂದು ಮಾತು. ಚೌಕಾಬಾರದಲ್ಲಿ ಹೇಳುವ ಹಾಗೆ ‘ಮನೆ’ ಎನ್ನಬೇಕೆಂಬ ಆಸೆಯಿತ್ತು. ಆಟದ ತುಂಬಾ ನಿಜವಾದ ಮನೆಗಳೇ ಇರುವುದರಿಂದ ಬಿಟ್ಟೆ.

ಈಗ ನನಗೆ ತಿಳಿಯಬೇಕಾದದ್ದು ಇಷ್ಟು. ಉತ್ತರ ಕರ್ನಾಟಕದಲ್ಲಿ ‘ವಾಟ’ ಇದೇ ಅರ್ಥದಲ್ಲಿ ಬಳಕೆಯಲ್ಲಿದೆಯೇ, ಇಲ್ಲದಿದ್ದರೆ ತಾರಸಿಯ ಓರೆಗೆ ಅಲ್ಲಿ ಏನನ್ನುತ್ತಾರೆ? ಕರಾವಳಿಯವರು ಸುರಂಗ ತೋಡುವವರ ಮಾತನ್ನು ಕೇಳಿ ತಿಳಿಸಬಲ್ಲಿರಾ? ಹಳಿ ಕೆಲಸದ ಗ್ಯಾಂಗ್‌ಮನ್‌ಗಳ ಜೊತೆ ಒಡನಾಟ ಇರುವವರು ಯಾರಾದರೂ ಇದ್ದರೆ, 50ಕ್ಕೆ 1ರ ಏರನ್ನು ಅವರು ತಮ್ಮೊಳಗೆ ಕನ್ನಡದಲ್ಲಿ ಹೇಗೆ ಹೇಳಿಕೊಳ್ಳುತ್ತಾರೆ ಎಂದು ಬರೆಯಿರಿ. ‘ಇಳಿಜಾರು’ ಸಾಕು, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಅನ್ನುವವರೂ ಕಾರಣ ಸಮೇತ ಬರೆಯಿರಿ, ಅದನ್ನೂ ತೂಗಿ ನೋಡುತ್ತೇನೆ.