ಅಪ್ಪನ ಹಾಡಿನ ಪಟ್ಟಿಗಳು ಹೊಸ ಲ್ಯಾಪ್‌ಟಾಪ್‌ನಲ್ಲಿ ಹಾಡುತ್ತಿಲ್ಲ, ದಾರಿ ಹೇಳಿ

ಪೊನ್ನಂಪೇಟೆಯಿಂದ:
ಅಪ್ಪನ ಹಳೇ ಕಂಪ್ಯೂಟರ್‌ನಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಹಾಡುಗಳಿವೆ. ಹಾಡು ಕೇಳುವ ವಿನ್‌ಆಂಪ್ ಸಾಫ್ಟ್‌ವೇರ್‌ನಲ್ಲಿ ಅವರೇ ಕೂತು ಜೋಡಿಸಿದ ಹನ್ನೊಂದು ಪಟ್ಟಿಗಳಿವೆ. ‘ಪುತ್ತರಿ’, ‘ಮದುವೆ ವಾಲಗ’, ‘ಮಳೆಗಾಲದ ರಾತ್ರಿ’, ಹೀಗೆ. ಐನ್‌ಮನೆಯಲ್ಲಿ, ಅಂದರೆ ನಮ್ಮ ಮನೆತನದ ಮೂಲಮನೆಯಲ್ಲಿ, ಅಜ್ಜಂದಿರು ದುಡಿ ಹಿಡಿದು ಹಾಡಿದ್ದನ್ನು ಟೇಪ್‌ನಲ್ಲಿ ಹಿಡಿದು, ಆಮೇಲೆ ಕಂಪ್ಯೂಟರ್‌ಗೆ ಹಾಕಿಸಿದ್ದೂ ಅದರಲ್ಲಿದೆ. ನಾನು ಹಾಡುಗಳನ್ನೂ ಪಟ್ಟಿ ಫೈಲ್‌ಗಳನ್ನೂ ಪೆನ್‌ಡ್ರೈವ್‌ನಲ್ಲಿ ಹೊಸ ಲ್ಯಾಪ್‌ಟಾಪ್‌ಗೆ ಹಾಕಿದೆ. ಪಟ್ಟಿ ತೆರೆದರೆ ಹೆಸರುಗಳೆಲ್ಲ ಕಾಣುತ್ತವೆ, ಒತ್ತಿದರೆ ಒಂದೂ ಹಾಡುವುದಿಲ್ಲ. ಕೆಲವು ಹಾಡುಗಳು ಇನ್ನೂ ಹಳೇದರಲ್ಲೇ ಇವೆ. ಅದು ಆನ್ ಆಗೋಕೆ ಈಗ ಹತ್ತು ನಿಮಿಷ ಬೇಕು, ಒಳಗಿಂದ ಟಿಕ್ ಟಿಕ್ ಅಂತ ಸದ್ದು ಬೇರೆ. ಅಪ್ಪನಿಗೆ ಹಾಡುಗಳ ಸಾಲು ತಪ್ಪಬಾರದು. ಯಾರಾದರೂ ಇದನ್ನು ಮಾಡಿದ್ದೀರಾ?

ಮಡಿಕೇರಿಯಿಂದ:
ಅಕ್ಕ, ಪಟ್ಟಿ ವಿಷಯ ಆಮೇಲೆ. ಆ ಟಿಕ್ ಟಿಕ್ ಸದ್ದು ಹಾರ್ಡ್‌ಡಿಸ್ಕ್‌ದಾದರೆ ದಿನ ಎಣಿಸುತ್ತಿದೆ ಅಂತಲೇ ತಿಳಿಯಿರಿ. ಅದರಲ್ಲಿ ಇನ್ನು ಹಾಡು ಕೇಳಬೇಡಿ, ಸುಮ್ನೆ ಆನ್ ಮಾಡಿ ನೋಡುವುದೂ ಬೇಡ. ಹೊರಗಿನ ಒಂದು ಡಿಸ್ಕ್ ಹಚ್ಚಿ, ಯೂಸರ್ಸ್ ಫೋಲ್ಡರನ್ನು ಇಡಿಯಾಗಿ ಅದಕ್ಕೆ ಕಾಪಿ ಮಾಡಿ. ಹಾಡುಗಳು ಬೇರೆ ಕಡೆ ಇದ್ದರೆ ಅದನ್ನೂ. ಕಂಪ್ಯೂಟರ್ ಆನ್ ಆಗುವುದನ್ನೇ ನಿಲ್ಲಿಸಿದರೂ ಹೆದರಬೇಡಿ. ಡಿಸ್ಕನ್ನು ಬಿಚ್ಚಿ, ಬೇರೆ ಕಂಪ್ಯೂಟರ್‌ಗೆ ಹಚ್ಚಲು ಬರುವ ಯುಎಸ್‌ಬಿ ಕೇಸ್‌ಗೆ ಹಾಕಿದರೆ ಎಷ್ಟೋ ಸಲ ಓದುತ್ತದೆ.

ನನ್ನ ಡಿಸ್ಕ್ ಒಂದು ಜುಲೈ ರಾತ್ರಿ ಸಿಡಿಲಿಗೆ ಹೋಯಿತು. ಪ್ಲಗ್ ಕಿತ್ತಿರಲಿಲ್ಲ. ಹಾಡುಗಳನ್ನು ಸ್ನೇಹಿತರಿಂದ ಮತ್ತೆ ತಂದುಕೊಂಡೆ, ಮುಕ್ಕಾಲು ಪಾಲು ಸಿಕ್ಕವು. ಆದರೆ ಯಾವುದರ ಹಿಂದೆ ಯಾವುದು ಅಂತ ಎಂಟು ವರ್ಷ ಜೋಡಿಸಿದ್ದು ಯಾರ ಹತ್ತಿರ ಕೇಳಲಿ? ಅದು ನನ್ನೊಬ್ಬನ ಹತ್ತಿರ ಮಾತ್ರ ಇತ್ತು. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಮಳೆ ಹಿಡಿಯುವ ಮೊದಲೇ ಮುಗಿಸಿಬಿಡಿ.

ಗೋಣಿಕೊಪ್ಪದಿಂದ:
ಮಡಿಕೇರಿಯವರು ಹೇಳಿದ್ದನ್ನು ಮೊದಲು ಮಾಡಿ. ಆಮೇಲೆ ನಿಮ್ಮ ಪಟ್ಟಿಗೆ ಏನಾಗಿದೆ ಅಂತ ಕಣ್ಣಾರೆ ನೋಡಬಹುದು, ಕಷ್ಟ ಇಲ್ಲ.

ಪಟ್ಟಿ ಫೈಲ್‌ನಲ್ಲಿ ಹಾಡು ಇರುವುದಿಲ್ಲ. ಮದುವೆ ಕಾಗದ ಹಂಚಲು ಮನೆಗಳ ಹೆಸರು ಬರೆದುಕೊಳ್ಳುತ್ತೇವಲ್ಲ, ಹಾಗೆ. ಹೆಸರಿನ ಕೊನೆಗೆ ಎಂ3ಯು ಅಂತ ಇರುವ ಪಟ್ಟಿ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಒಂದೊಂದು ಹಾಡಿಗೆ ಎರಡೆರಡು ಸಾಲು ಕಾಣುತ್ತದೆ. ಮೊದಲ ಸಾಲು ಹ್ಯಾಶ್ (#) ಗುರುತಿನಿಂದ ಶುರುವಾಗುತ್ತದೆ. ಅದರಲ್ಲಿ ಹಾಡು ಎಷ್ಟು ಸೆಕೆಂಡ್ ಉದ್ದ, ಹೆಸರೇನು ಅಂತ ಇರುತ್ತದೆ. ಎರಡನೇ ಸಾಲೇ ವಿಳಾಸ: ಸಿ ಡ್ರೈವ್, ಯೂಸರ್ಸ್, ಅಪ್ಪನ ಹೆಸರು, ಮ್ಯೂಸಿಕ್, ಕೊನೆಗೆ ಹಾಡಿನ ಫೈಲ್. ನಿಮಗೆ ಹೆಸರು ಕಾಣುತ್ತಿರುವುದು ಮೊದಲ ಸಾಲಿನಿಂದ. ಹಾಡದೇ ಇರುವುದು ಎರಡನೇ ಸಾಲಿನಿಂದ. ಹೊಸ ಲ್ಯಾಪ್‌ಟಾಪ್‌ನಲ್ಲಿ ಅಪ್ಪನ ಹೆಸರಿನ ಜಾಗದಲ್ಲಿ ನಿಮ್ಮ ಹೆಸರಿದೆ, ಅಲ್ವಾ? ಆ ವಿಳಾಸದಲ್ಲಿ ಈಗ ಮನೆಯೇ ಇಲ್ಲ.

ನಾನು ನಮ್ಮ ಮಾವನ ಪಟ್ಟಿಗಳಿಗೆ ಮಾಡಿದ್ದು ಹೀಗೆ. ಮೊದಲು ಪಟ್ಟಿಯ ಒಂದು ನಕಲು ತೆಗೆದಿಟ್ಟುಕೊಂಡೆ. ಇದನ್ನು ಬಿಡಬೇಡಿ. ನೋಟ್‌ಪ್ಯಾಡ್‌ನಲ್ಲಿ ಕಂಟ್ರೋಲ್ ಜೊತೆ ಎಚ್ ಒತ್ತಿದರೆ ಬದಲಾಯಿಸುವ ಕಿಟಕಿ ಬರುತ್ತದೆ. ಮೇಲಿನ ಖಾನೆಗೆ ಹಳೇ ವಿಳಾಸದ ಮುಂಭಾಗ, ಅಂದರೆ ಸಿ ಡ್ರೈವ್‌ನಿಂದ ಮ್ಯೂಸಿಕ್‌ವರೆಗೆ. ಕೆಳಗಿನ ಖಾನೆಗೆ ಹೊಸ ಲ್ಯಾಪ್‌ಟಾಪ್‌ನಲ್ಲಿ ಹಾಡುಗಳಿರುವ ಜಾಗ. ರಿಪ್ಲೇಸ್ ಆಲ್ ಒತ್ತಿದೆ. ಇನ್ನೂರು ಹಾಡಿನ ಪಟ್ಟಿ ಒಂದು ಗಳಿಗೆಯಲ್ಲಿ ಸರಿಯಾಯಿತು. ಕೈಯಲ್ಲಿ ಬರೆಯಬೇಡಿ, ಫೋಲ್ಡರ್‌ನ ಮೇಲ್ಪಟ್ಟಿಯಿಂದ ವಿಳಾಸವನ್ನು ಕಾಪಿ ಮಾಡಿ ಅಂಟಿಸಿ. ನಡುವೆ ಒಂದು ಓರೆಗೆರೆ (\) ತಪ್ಪಿದರೂ ಹಾಡುವುದಿಲ್ಲ.

ಸೇವ್ ಮಾಡುವಾಗ ಒಂದು ಎಚ್ಚರ. ಹಾಡಿನ ಫೈಲ್‌ಗಳ ಹೆಸರು ಕನ್ನಡದಲ್ಲಿದ್ದರೆ ಎನ್‌ಕೋಡಿಂಗ್ (ಅಕ್ಷರಗಳನ್ನು ಉಳಿಸುವ ರೀತಿ) ಅನ್ನುವ ಕಡೆ ಕನ್ನಡವನ್ನೂ ಹಿಡಿಯುವ ಯುಟಿಎಫ್-8 ಆರಿಸಿ. ನಾನು ಮೊದಲ ಸಲ ಅಲ್ಲಿ ಎಎನ್‌ಎಸ್‌ಐ ಅಂತ ಇದ್ದದ್ದನ್ನು ಹಾಗೇ ಬಿಟ್ಟಿದ್ದೆ. ಕನ್ನಡ ಹೆಸರುಗಳೆಲ್ಲ ಸಾಲು ಸಾಲು ಪ್ರಶ್ನೆ ಚಿಹ್ನೆ ಆಗಿಬಿಟ್ಟವು. ನಕಲು ಇದ್ದದ್ದಕ್ಕೆ ಬಚಾವಾದೆ. ಫೈಲ್ ಹೆಸರಿನ ಕೊನೆಗೆ ಎಂ3ಯು8 ಅಂತ ಕೊಟ್ಟರೆ ಇನ್ನೂ ಒಳ್ಳೆಯದು, ಆ 8 ಇರುವುದು ಯುಟಿಎಫ್-8 ಅನ್ನುವುದಕ್ಕೇ. ವಿಎಲ್‌ಸಿ, ಫೂಬಾರ್ ಅನ್ನುವ ಪ್ಲೇಯರ್‌ಗಳೆರಡೂ ಇದನ್ನು ಓದುತ್ತವೆ. ಹಾಗಾಗಿ ವಿನ್‌ಆಂಪ್ ಹಾಕಲೇಬೇಕು ಅಂತಿಲ್ಲ.

ಮತ್ತೆ ಇದೇ ಪಾಡು ಬರಬಾರದು ಅಂದರೆ, ಪಟ್ಟಿಯನ್ನು ಹಾಡುಗಳಿರುವ ಫೋಲ್ಡರ್ ಒಳಗೇ ಇಡಿ. ವಿಳಾಸದ ಮುಂಭಾಗ ಪೂರ್ತಿ ಅಳಿಸಿ ಬರೀ ಫೈಲ್ ಹೆಸರು ಉಳಿಸಿ. ಆಗ ಫೋಲ್ಡರನ್ನು ಎಲ್ಲಿಗೆ ಹೊತ್ತುಕೊಂಡು ಹೋದರೂ ಪಟ್ಟಿ ಹಾಡುತ್ತದೆ. ಐನ್‌ಮನೆಯ ಹಾಡುಗಳಿಗಾದರೂ ಇದನ್ನು ಖಂಡಿತ ಮಾಡಿ.

ಕುಶಾಲನಗರದಿಂದ:
ಏನನ್ನೂ ತಿದ್ದದೆ ಮಾಡುವ ದಾರಿಯೂ ಇದೆ. ನನ್ನ ಹಾಡುಗಳು ಹಳೇದರಲ್ಲಿ ಡಿ ಡ್ರೈವ್‌ನ ಸಾಂಗ್ಸ್ ಫೋಲ್ಡರ್‌ನಲ್ಲಿದ್ದವು. ಹೊಸದರಲ್ಲಿ ಸಿ ಮಾತ್ರ ಇತ್ತು. ಹಾಡುಗಳನ್ನು ಹೊರಗಿನ ಡಿಸ್ಕ್‌ಗೆ ಅದೇ ಫೋಲ್ಡರ್ ಹೆಸರಿನಲ್ಲಿ ಹಾಕಿದೆ. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಆ ಡಿಸ್ಕ್‌ಗೆ ಡಿ ಅಕ್ಷರ ಕೊಟ್ಟೆ. ವಿಳಾಸ ಹಳೆಯದೇ ಆಯಿತು, ಪಟ್ಟಿಗಳು ಹಾಡಿದವು. ಆ ಅಕ್ಷರ ಬೇರೆ ಡ್ರೈವ್‌ಗೆ ಹೋಗಿರಬಾರದು ಅಷ್ಟೇ. ನಿಮ್ಮದು ಸಿ ಡ್ರೈವ್‌ನಲ್ಲಿ ಇದ್ದದ್ದಾದರೆ ಗೋಣಿಕೊಪ್ಪದವರ ದಾರಿಯೇ ಸರಿ.

ನಾಪೋಕ್ಲಿನಿಂದ:
ಹಾಡು ಕೇಳಲು ಆಪಲ್‌ನ ಐಟ್ಯೂನ್ಸ್ ಬಳಸುವವರು ಓದುತ್ತಿದ್ದರೆ ಅವರಿಗೆ. ಫೈಲ್ ಮೆನುವಿನ ಲೈಬ್ರರಿಯಲ್ಲಿ ಮೊದಲು ಕನ್ಸಾಲಿಡೇಟ್ ಮಾಡಿ. ಅಲ್ಲಿ ಇಲ್ಲಿ ಚೆದುರಿದ ಹಾಡುಗಳ ನಕಲೆಲ್ಲ ಒಂದೇ ಕಡೆ ಸೇರುತ್ತದೆ. ಆಮೇಲೆ ಐಟ್ಯೂನ್ಸ್ ಫೋಲ್ಡರನ್ನು ಇಡಿಯಾಗಿ ಹೊಸದಕ್ಕೆ ಹಾಕಿ, ಶಿಫ್ಟ್ ಒತ್ತಿ ಹಿಡಿದು ಐಟ್ಯೂನ್ಸ್ ತೆರೆದರೆ ಲೈಬ್ರರಿ ಯಾವುದು ಅಂತ ಕೇಳುತ್ತದೆ, ತೋರಿಸಿ. ಪಟ್ಟಿ, ಕೊಟ್ಟ ಸ್ಟಾರ್, ಎಷ್ಟು ಸಲ ಕೇಳಿದ್ದು ಎಲ್ಲ ಬರುತ್ತದೆ.

ಸೋಮವಾರಪೇಟೆಯಿಂದ:
ಇಷ್ಟೆಲ್ಲ ಯಾಕೆ, ಆನ್‌ಲೈನ್ ಆಪ್‌ನಲ್ಲಿ ಪಟ್ಟಿ ಮಾಡಿದರೆ ಲಾಗಿನ್ ಆದ ಕಡೆಯೆಲ್ಲ ಬರುತ್ತದೆ ಅಂತ ಬರೆಯಲು ಬಂದೆ. ನಿಮ್ಮ ಪ್ರಶ್ನೆ ಮತ್ತೆ ಓದಿದೆ. ಐನ್‌ಮನೆಯಲ್ಲಿ ಹಿಡಿದ ಹಾಡು ಯಾವ ಆಪ್‌ನಲ್ಲೂ ಸಿಗುವುದಿಲ್ಲ, ಹಾಗಾಗಿ ಫೈಲ್‌ಗಳೇ ಗಟ್ಟಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದ ಹಿಂದೆಯೇ ನೆಟ್‌ವರ್ಕ್ ಕೂಡ ಹೋಗುತ್ತದೆ. ಆಗ ಹಾಡುವುದು ಇವೇ.

ಅಪ್ಪ ಜೀಪಿನಲ್ಲಿ ಕೇಳುವವರಾದರೆ ಇನ್ನೊಂದು ಮಾತು. ಎಷ್ಟೋ ಸ್ಟೀರಿಯೋಗಳು ಪಟ್ಟಿ ಫೈಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಹಾಕುವ ನಕಲುಗಳ ಹೆಸರಿನ ಮುಂದೆ 001, 002 ಅಂತ ಸೇರಿಸಿ, ಅದೇ ಕ್ರಮದಲ್ಲಿ ಕಾಪಿ ಮಾಡಿ. ಸಾಲು ತಪ್ಪುವುದಿಲ್ಲ.

ಪೊನ್ನಂಪೇಟೆಯಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಕಾಪಿ ಹಾಕಿದ್ದು ರಾತ್ರಿ ಹನ್ನೊಂದಕ್ಕೆ ಮುಗಿಯಿತು. ಹದಿನೇಳು ಫೈಲ್‌ಗಳನ್ನು ಡಿಸ್ಕ್ ಕೊಡಲೇ ಇಲ್ಲ, ಉಳಿದದ್ದೆಲ್ಲ ಬಂತು. ನೋಟ್‌ಪ್ಯಾಡ್‌ನಲ್ಲಿ ವಿಳಾಸ ಬದಲಾಯಿಸಿದೆ. ‘ಪುತ್ತರಿ’ ಪಟ್ಟಿಯಲ್ಲಿ ಎರಡು ಹಾಡು ಮಾತ್ರ ಸುಮ್ಮನಿದ್ದವು. ನೋಡಿದರೆ, ಹೊಸದಕ್ಕೆ ಹಾಕಿದ ಮೇಲೆ ‘ರೆಕಾರ್ಡ್ 07’ ಅಂತೆಲ್ಲ ಇದ್ದದ್ದನ್ನು ಚೆನ್ನಾಗಿರಲಿ ಅಂತ ನಾನೇ ಹೆಸರು ಬದಲಾಯಿಸಿದ್ದೆ. ಹಳೇ ಹೆಸರು ವಾಪಸ್ ಕೊಟ್ಟೆ, ಹಾಡಿದವು. ಅಪ್ಪ ಕಾಫಿ ಲೋಟ ಹಿಡಿದು ಪಟ್ಟಿ ಮುಗಿಯುವವರೆಗೆ ಎದ್ದಿಲ್ಲ.

ಬಾರದ ಹದಿನೇಳರಲ್ಲಿ ಹದಿನಾಲ್ಕು ವಾಲಗದವು. ಅವುಗಳ ಮೂಲ ಟೇಪ್ ಅತ್ತೆ ಮನೆಯಲ್ಲಿ ಇದೆಯಂತೆ, ಭಾನುವಾರ ತರುತ್ತೇನೆ. ನಮ್ಮ ಟೇಪ್ ರೆಕಾರ್ಡರ್‌ನ ಬೆಲ್ಟ್ ಹೋಗಿದೆ. ಗೋಣಿಕೊಪ್ಪ, ವಿರಾಜಪೇಟೆ ಕಡೆ ಯಾರ ಹತ್ತಿರವಾದರೂ ಓಡುವ ಟೇಪ್ ರೆಕಾರ್ಡರ್ ಇದೆಯಾ?